ಚಿತ್ರ ನೋಡೋಕೂ ಆಫೀಸ್ ಟೈಮಾ?

ಲಂಡನ್ನಿಗೆ ಬಂದ ಹೊಸತರಲ್ಲಿ ಜೊತೆಗೆ ಕೆಲಸ ಮಾಡುವ ಹುಡುಗಿಯೊಬ್ಬಳು ಶುಕ್ರವಾರ ರಾತ್ರಿ ಮ್ಯೂಸಿಯಂಗೆ ಹೋಗೋಣ ಅಂದಳು. ತಮಾಷೆ ಮಾಡ್ತಿದ್ದಾಳೆ ಅಂದುಕೊಂಡೆ. ಮ್ಯೂಸಿಯಂ ಅಂದರೆ ಸ್ಕೂಲ್ ಟ್ರಿಪ್ ಅಲ್ವಾ? ಸಾಲಾಗಿ ನಡೀರಿ, ಮುಟ್ಟಬೇಡಿ, ಮಾತಾಡಬೇಡಿ. ರಾತ್ರಿ ಅಲ್ಲೇನು ಕೆಲಸ?

ಹೋಗಿ ನೋಡಿದರೆ ಸೌತ್ ಕೆನ್ಸಿಂಗ್‌ಟನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಬಾಗಿಲಲ್ಲಿ ಕ್ಯೂ. ಒಳಗೆ ಗುಮ್ಮಟದ ಕೆಳಗೆ ಡಿಜೆ. ಕಲ್ಲಿನ ಮೂರ್ತಿಗಳ ನಡುವೆ ಗುಂಪು ಗುಂಪಾಗಿ ಹರಟೆ. ಒಂದು ಮೂಲೆಯಲ್ಲಿ ದೊಡ್ಡವರೇ ಕತ್ತರಿ, ಬಣ್ಣದ ಕಾಗದ ಹಿಡಿದು ಕೂತಿದ್ದಾರೆ. ಇದಕ್ಕೆ 'ಫ್ರೈಡೇ ಲೇಟ್' ಅಂತ ಹೆಸರು. 2000ರಲ್ಲಿ ಶುರುವಾದದ್ದು. ಸಾಮಾನ್ಯವಾಗಿ ತಿಂಗಳ ಕೊನೆಯ ಶುಕ್ರವಾರ, ರಾತ್ರಿ ಹತ್ತರವರೆಗೆ. ಪ್ರತಿ ಸಲ ಬೇರೆ ವಿಷಯ. ಟಿಕೆಟ್ ಇಲ್ಲ.

ನಮ್ಮ ಟಿಪ್ಪುವಿನ ಹುಲಿ, ಅದೇ ಆ ಮರದ ಬೊಂಬೆ, ಇರುವುದೂ ಇಲ್ಲೇ. 1799ರಲ್ಲಿ ಶ್ರೀರಂಗಪಟ್ಟಣದಿಂದ ಹೊತ್ತು ತಂದದ್ದು. ಅದರ ಮುಂದೆ ನಿಂತು ಇಬ್ಬರು ಹುಡುಗರು, ಹೊಟ್ಟೆಯೊಳಗಿನ ಆರ್ಗನ್ ವಾದ್ಯ ಹೇಗೆ ಸದ್ದು ಮಾಡುತ್ತದೆ ಅಂತ ವಾದ ಮಾಡುತ್ತಿದ್ದರು. ನನ್ನ ಹೊಟ್ಟೆ ಉರಿಯಿತು. ಹುಲಿ ಇಲ್ಲಿಗೆ ಬಂತಲ್ಲ ಅಂತಲ್ಲ. (ಸರಿ, ಅದಕ್ಕೂ ಸ್ವಲ್ಪ.) ಕೆಲಸ ಮುಗಿಸಿ, ಬ್ಯಾಗ್ ಹೆಗಲಲ್ಲೇ ಇಟ್ಟುಕೊಂಡು ಬಂದು ಹೀಗೆ ವಾದ ಮಾಡೋಕೆ ನಮ್ಮಲ್ಲಿ ಜಾಗ ಎಲ್ಲಿದೆ?

ರಜೆಗೆ ಹೋದಾಗ ಬೆಂಗಳೂರಿನ ಒಂದು ಗ್ಯಾಲರಿಗೆ ಹೋಗಿದ್ದೆ. ನಾಲ್ಕೂವರೆಗೇ ಗಾರ್ಡ್ ಒಂದೊಂದೇ ರೂಮಿನ ಲೈಟ್ ಆರಿಸುತ್ತಾ ಬಂದ. "ಐದಕ್ಕೆ ಕ್ಲೋಸು ಮೇಡಂ, ನಾಳೆ ಬನ್ನಿ." ನಾಳೆ ಸೋಮವಾರ, ಗ್ಯಾಲರಿಗೆ ರಜೆ. ಕೆಲಸಕ್ಕೆ ಹೋಗುವವರಿಗೆ ಉಳಿಯೋದೇ ಶನಿವಾರ, ಭಾನುವಾರ. ಅವತ್ತು ಯಾರದೋ ಮದುವೆ, ಯಾರದೋ ಗೃಹಪ್ರವೇಶ. ಬ್ಯಾಂಕ್ ಕೂಡ ಬೇಗ ಮುಚ್ಚುತ್ತೆ ನಿಜ, ಆದರೆ ಆ ಕೆಲಸ ಮೊಬೈಲಲ್ಲಿ ಮುಗಿಯುತ್ತೆ.

ರಾತ್ರಿ ಕೂತು ಕಲೆ ನೋಡೋದು ನಮಗೇನು ಹೊಸದಾ? ಬೆಳಗಾಗುವ ತನಕ ಯಕ್ಷಗಾನ ನೋಡಿದವರು ನಾವು. ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಕಚೇರಿಗೆ ಸೀಟು ಸಿಗದಿದ್ದರೆ ಹೊರಗೆ ನಿಂತಾದರೂ ಕೇಳುತ್ತೇವೆ. ಚಿತ್ರಕ್ಕೆ ಮಾತ್ರ ಹತ್ತರಿಂದ ಐದು.

ಲಂಡನ್ನಿನಲ್ಲೂ ಇದು ಸುಮ್ನೆ ಆದದ್ದಲ್ಲ. 1857ರಲ್ಲಿ ಮ್ಯೂಸಿಯಂ ಈ ಜಾಗಕ್ಕೆ ಬಂದಾಗ ಮೊದಲ ನಿರ್ದೇಶಕ ಹೆನ್ರಿ ಕೋಲ್ ಗ್ಯಾಸ್ ದೀಪ ಹಾಕಿಸಿ ಸಂಜೆಯೂ ತೆರೆಸಿದರು. ದುಡಿಯುವ ಜನಕ್ಕೆ ಬಿಡುವು ಸಿಗೋದೇ ಆಗ. ಹೆಂಡದಂಗಡಿ ಬಿಟ್ಟು ಇತ್ತ ಬಂದಾರು ಅಂತ ಅವರ ಆಸೆ. ಈಗ ಫ್ರೈಡೇ ಲೇಟಿನಲ್ಲಿ ಒಳಗೇ ಬಾರ್ ಇದೆ, ಅದು ಬಿಡಿ.

ಆ ಗದ್ದಲದಲ್ಲಿ ಒಂದು ಚಿತ್ರದ ಮುಂದೆ ನೆಟ್ಟಗೆ ಎರಡು ನಿಮಿಷ ನಿಲ್ಲೋಕಾಗಲ್ಲ, ಒಪ್ಪುತ್ತೇನೆ. ಸೆಲ್ಫಿಗೆ ಅಂತಲೇ ಬರುವವರೂ ಜಾಸ್ತಿ. ಹಾಗೆ ನೋಡಿದರೆ ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಯೇ ವಾಸಿ. ಬರೆದವರೇ ಪಕ್ಕದಲ್ಲಿ ಕೂತಿರುತ್ತಾರೆ. ಕೇಳಿದರೆ ಹೇಳುತ್ತಾರೆ, ಚೌಕಾಶಿ ಮಾಡಿದರೆ ನಗುತ್ತಾರೆ. ನಡುರಸ್ತೆಯಲ್ಲಿ ಅಷ್ಟು ಜನ ಚಿತ್ರ ನೋಡುವುದನ್ನು ನಾನು ಲಂಡನ್ನಿನಲ್ಲೂ ಕಂಡಿಲ್ಲ. ಅದು ವರ್ಷಕ್ಕೊಂದೇ ದಿನ ಅನ್ನೋದು ಬೇರೆ ಮಾತು.