ಗ್ರಾಫೀನ್ ಎಳೆದು ಶಾಖವನ್ನು ಹಿಡಿತಕ್ಕೆ ತರಬಹುದಾ? ಪರ-ವಿರೋಧ

ಪುಣೆಯ ಪಾಷಾಣ್‌ನಲ್ಲಿ ಸಂಶೋಧನೆ ಮಾಡುವ ನಮ್ಮ ಕನ್ನಡದ ಹುಡುಗರು, ಚಾಕಣ್‌ನ ವಾಹನ ಕಾರ್ಖಾನೆಗಳ ನಮ್ಮ ಎಂಜಿನಿಯರ್‌ಗಳು ಒಟ್ಟಿಗೆ ಕೂತರೆ ಮಾತು ಬ್ಯಾಟರಿಯ ಬಿಸಿಗೆ ಬಂದೇ ಬರುತ್ತದೆ. ಗ್ರಾಫೀನ್ ಎಂಬ ತೆಳು ಇಂಗಾಲದ ಹಾಳೆಯನ್ನು ಎಳೆದು, ಬಿಟ್ಟು ಆ ಬಿಸಿಯ ಹರಿವನ್ನು ಹೆಚ್ಚು-ಕಡಿಮೆ ಮಾಡಬಹುದಾ ಅನ್ನುವ ಪ್ರಶ್ನೆ ಹುಟ್ಟಿದ್ದು ಅಲ್ಲೇ. ನನ್ನ ಒಲವು ವಿರೋಧದ ಕಡೆ, ಆದರೆ ಪರದ ವಾದ ಬಲವಾಗಿಯೇ ಇದೆ.

ಪರ

ವಿದ್ಯುತ್ತಿಗೆ ಸ್ವಿಚ್ ಇದೆ. ಶಾಖಕ್ಕೆ ಅಂಥ ಒಳ್ಳೆಯ ಸ್ವಿಚ್ ಇನ್ನೂ ಸಿಕ್ಕಿಲ್ಲ. ಏಪ್ರಿಲ್‌ನ ಪುಣೆ ಬಿಸಿಲಲ್ಲಿ ಬ್ಯಾಟರಿಯ ಬಿಸಿ ಹೊರಗೆ ಹೋಗಬೇಕು, ಲಡಾಖ್‌ನ ಚಳಿಯಲ್ಲಿ ಒಳಗೇ ಉಳಿಯಬೇಕು. ತಾಮ್ರದ ತಗಡು ಮೊದಲನೆಯದನ್ನು ಮಾಡಬಲ್ಲದು, ಎರಡನೆಯದನ್ನು ಮಾಡಲಾರದು.

ಗ್ರಾಫೀನ್ ಮಾಡಬಹುದು. ಅದು ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ. 2008ರಲ್ಲಿ ಅಲೆಕ್ಸಾಂಡರ್ ಬಲಾಂಡಿನ್ ತಂಡ ಗಾಳಿಯಲ್ಲಿ ತೂಗುವ ಹಾಳೆಯನ್ನು ಅಳೆದಾಗ ಶಾಖವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 5,000 ವ್ಯಾಟ್ ಬಂತು. ತಾಮ್ರದ್ದು ಬರೀ 400ರ ಆಸುಪಾಸು. ಇಲ್ಲಿ ಶಾಖ ಹೊರುವುದು ಮುಖ್ಯವಾಗಿ ಪರಮಾಣುಗಳ ಕಂಪನ, ಅಂದರೆ ಫೋನಾನ್‌ಗಳು. ಹಾಳೆ ಎಳೆದರೆ ಬಂಧಗಳು ಸಡಿಲವಾಗುತ್ತವೆ, ಹಾಳೆಯ ಸಮತಲದೊಳಗಿನ ಕಂಪನ ನಿಧಾನವಾಗುತ್ತದೆ. ಹಲವು ಕಂಪ್ಯೂಟರ್ ಲೆಕ್ಕಗಳಲ್ಲಿ ಎಳೆತ ಜಾಸ್ತಿಯಾದಂತೆ ಶಾಖವಾಹಕತೆ ಇಳಿದಿದೆ. ಬಿಟ್ಟರೆ ಮತ್ತೆ ಮೊದಲಿನಂತೆ. ಅಂದರೆ ಚಳಿಯಲ್ಲಿ ಎಳೆದು ಬಿಸಿಯನ್ನು ತಡೆಯಬಹುದು, ಬಿಸಿಲಲ್ಲಿ ಬಿಟ್ಟು ಹೊರಗೆ ಕಳಿಸಬಹುದು.

ದೋಷವಿಲ್ಲದ ಹಾಳೆ ಹರಿಯುವ ಮುಂಚೆ ಶೇ. 25ರ ಹತ್ತಿರ ಹಿಗ್ಗುತ್ತದೆ. ಆಟಕ್ಕೆ ಎಷ್ಟು ಜಾಗ ಇದೆ ನೋಡಿ! ಎಳೆತದಿಂದ ವಸ್ತುವಿನ ಗುಣ ಬದಲಿಸುವುದು ಹೊಸದೂ ಅಲ್ಲ. ಇಂಟೆಲ್ ತನ್ನ 90 ನ್ಯಾನೋಮೀಟರ್ ಚಿಪ್‌ಗಳಲ್ಲಿ ಸಿಲಿಕಾನನ್ನು ಬೇಕೆಂದೇ ಎಳೆದು, ಒತ್ತಿ ವಿದ್ಯುತ್ ಹರಿವನ್ನು ಚುರುಕು ಮಾಡಿತ್ತು.

ವಿರೋಧ

ಮೊದಲು, ಎಳೆದರೆ ಶಾಖವಾಹಕತೆ ಏರುತ್ತದಾ ಇಳಿಯುತ್ತದಾ ಅನ್ನುವುದರಲ್ಲೇ ಒಮ್ಮತ ಇಲ್ಲ. ಗ್ರಾಫೀನ್ ಹಾಳೆ ಮೇಲೆ ಕೆಳಗೆ ಅಲೆಯಾಡುವ ಕಂಪನವೂ ಶಾಖದ ದೊಡ್ಡ ಪಾಲು ಹೊರುತ್ತದೆ. ಬಟ್ಟೆ ಒಣಹಾಕುವ ಹಗ್ಗವನ್ನು ಬಿಗಿದ ಹಾಗೆ, ಎಳೆದಾಗ ಈ ಅಲೆ ಚುರುಕಾಗುತ್ತದೆ. ಹೀಗಾಗಿ ಸಣ್ಣ ಎಳೆತದಲ್ಲಿ ಶಾಖವಾಹಕತೆ ಏರುತ್ತದೆ ಅನ್ನುವ ಲೆಕ್ಕಗಳೂ ಇವೆ. ಹಾಳೆಯ ಗಾತ್ರ ಬದಲಾದರೆ ಉತ್ತರವೂ ಬದಲಾಗುತ್ತದೆ.

ಅಳೆದೇ ನೋಡೋಣ ಅಂದರೆ ಅಸಲಿ ಕಷ್ಟ ಶುರು. ರಾಮನ್ ವಿಧಾನದಲ್ಲಿ ಲೇಸರ್ ಹಾಳೆಯನ್ನು ಬಿಸಿ ಮಾಡುತ್ತದೆ, ಚದುರಿ ಬಂದ ಅದೇ ಬೆಳಕು ಉಷ್ಣತೆಯನ್ನು ಹೇಳುತ್ತದೆ. ಆ ಬೆಳಕಿನ ಗ್ರಾಫ್‌ನಲ್ಲಿ 1580ರ ಸುತ್ತ (ರಾಮನ್ ಅಳತೆಯ ಘಟಕ cm⁻¹) ಎದ್ದು ಕಾಣುವ ಉಬ್ಬೇ ಜಿ ಶಿಖರ; ಬಿಸಿ ಒಂದು ಡಿಗ್ರಿ ಏರಿದರೆ ಅದು ಸುಮಾರು 0.016 ಘಟಕ ಕೆಳಗೆ ಸರಿಯುತ್ತದೆ. ಆದರೆ ಹಾಳೆ ಎಳೆದರೂ ಅದೇ ಶಿಖರ ಅದೇ ಕಡೆಗೆ ಸರಿಯುತ್ತದೆ! ಶೇ. 0.1ರಷ್ಟು ಎಳೆತವೇ ಹತ್ತಾರು ಡಿಗ್ರಿ ಬಿಸಿಯಂತೆ ಕಾಣಬಹುದು. ಮೇಲಾಗಿ ಕೋಣೆಯ ಉಷ್ಣತೆಯ ಆಸುಪಾಸಿನಲ್ಲಿ ಬಿಸಿಯಾದ ಗ್ರಾಫೀನ್ ಕುಗ್ಗುತ್ತದೆ, ಅದನ್ನು ಹಿಡಿದಿರುವ ವಸ್ತು ಹಿಗ್ಗುತ್ತದೆ. ಅಂದರೆ ಅಳೆಯಲು ಕೊಟ್ಟ ಬಿಸಿಯೇ ಇನ್ನಷ್ಟು ಎಳೆಯುತ್ತದೆ. ಶಿಖರ ಸರಿದದ್ದರಲ್ಲಿ ಬಿಸಿಯ ಪಾಲೆಷ್ಟು, ಎಳೆತದ ಪಾಲೆಷ್ಟು ಅಂತ ಬೇರ್ಪಡಿಸದೆ ಸುಮ್ನೆ ಗ್ರಾಫ್ ಬಿಡಿಸಿದರೆ ನಾನಂತೂ ನಂಬಲಾರೆ.

ಇನ್ನು ಬ್ಯಾಟರಿ. ಅಲ್ಲಿ ಹಾಳೆ ಗಾಳಿಯಲ್ಲಿ ತೂಗುವುದಿಲ್ಲ, ಯಾವುದರದೋ ಮೇಲೆ ಕೂತಿರುತ್ತದೆ. ಸಿಲಿಕಾನ್ ಡೈಆಕ್ಸೈಡ್ ಮೇಲೆ ಕೂತ ಹಾಳೆಯನ್ನು 2010ರಲ್ಲಿ ಅಳೆದಾಗ ಸಿಕ್ಕಿದ್ದು ಆ 5,000ದ ಬದಲು ಸುಮಾರು 600. ಎಳೆಯುವ ಮೊದಲೇ ಎಂಟರಲ್ಲಿ ಏಳು ಪಾಲು ಹೋಯಿತು ಅಲ್ವಾ? ಒಂದು ಪದರದ ದಪ್ಪ 0.335 ನ್ಯಾನೋಮೀಟರ್ ಅಷ್ಟೇ, ಬ್ಯಾಟರಿಯ ಬಿಸಿ ಹೊರಲು ಅದು ಸಾಲದು, ಹಾಗಾಗಿ ಸಾವಿರಾರು ಪದರ ಪೇರಿಸಬೇಕು. ಪದರಗಳ ನಡುವಿನ ಹಿಡಿತವೋ ತೀರಾ ದುರ್ಬಲ. ಹೊರಗಿನದನ್ನು ಎಳೆದರೆ ಒಳಗಿನವು ಜಾರಿ ಹಿಂದೆ ಉಳಿಯುತ್ತವೆ.