ಕಲ್ಲಿನ ಸಂದೀಲಿ ಊರಲ್ಲಿ ಕೀಳ್ತಿದ್ವಿ, ಇಲ್ಲಿ ನೆಡ್ತೀವಿ

ತೀರ್ಥಹಳ್ಳಿ ಕಡೆ ನಮ್ಮನೆ ಅಂಗಳದಿಂದ ಬಚ್ಚಲಿಗೆ ಹೋಗೋ ದಾರೀಲಿ ಚಪ್ಪಡಿ ಕಲ್ಲು ಹಾಸಿತ್ತು, ಮಳೆಗಾಲ ಮುಗಿಯೋ ಹೊತ್ತಿಗೆ ಅದರ ಸಂದೀಲೆಲ್ಲ ಗರಿಕೆ, ಒಂದೆಲಗ, ನಾಚಿಕೆಮುಳ್ಳು ಎದ್ದುಬಿಡೋದು, ಭಾನುವಾರ ಬಂತು ಅಂದ್ರೆ ನಮಗೆ ಅದನ್ನ ಕೀಳೋದೇ ಕೆಲಸ. ಈಗ 11 ವರ್ಷದಿಂದ ಅಮೆರಿಕಾದ ಸಿಯಾಟಲ್ ಹತ್ರ ಇದೀನಿ, ಇಲ್ಲಿ ಜನ ದುಡ್ಡು ಕೊಟ್ಟು ಗಿಡ ತಂದು ಅದೇ ಸಂದೀಲಿ ನೆಡ್ತಾರೆ. ಮೊದಮೊದಲು ನನಗೆ ಅರ್ಥಾನೇ ಆಗಿರ್ಲಿಲ್ಲ.

ಆಮೇಲೆ ನಾನೂ ಕ್ರೀಪಿಂಗ್ ಥೈಮ್ ಅನ್ನೋ, ನೆಲಕ್ಕಂಟಿ ಹಬ್ಬೋ ಪರಿಮಳದ ಗಿಡ ಹಾಕಿದೆ. ಎರಡು ಮೂರು ಇಂಚಿಗಿಂತ ಎತ್ತರ ಬರಲ್ಲ, ಜೂನ್ ಜುಲೈನಲ್ಲಿ ನೇರಳೆ ಬಣ್ಣದ ಸಣ್ಣ ಹೂವು, ದಾರಿ ತುಂಬಾ ಜೇನುನೊಣ. ಮೊದಲನೇ ಸಲ ಊರಿನ ಅಭ್ಯಾಸದಂತೆ ಚೆನ್ನಾಗಿ ಗೊಬ್ಬರ ಹಾಕಿ ನೆಟ್ಟೆ, ಚಳಿಗಾಲ ಕಳೆಯೋದ್ರಲ್ಲಿ ಅರ್ಧಕ್ಕರ್ಧ ಕೊಳೆತು ಹೋಯ್ತು. ಆಗುಂಬೇಲಿ ವರ್ಷಕ್ಕೆ 7000 ಮಿಲಿಮೀಟರ್ ಮಳೆ, ಸಿಯಾಟಲ್‌ನಲ್ಲಿ ಸುಮಾರು 1000 ಅಷ್ಟೇ, ಆದ್ರೆ ಇಲ್ಲಿ ಮಳೆ ಹೆಚ್ಚಾಗಿ ಬೀಳೋದು ಚಳೀಲೇ, ಜೇಡಿಮಣ್ಣಲ್ಲಿ ನಿಂತ ನೀರು ಆರೋದೇ ಇಲ್ಲ. ಮಾರನೇ ವರ್ಷ ಸಂದಿನ ಮಣ್ಣು ತೆಗೆದು ಮರಳು, ಸಣ್ಣ ಜಲ್ಲಿ ಬೆರೆಸಿ, ದಿನಕ್ಕೆ ಆರು ಗಂಟೆ ಬಿಸಿಲು ಬೀಳೋ ಜಾಗದಲ್ಲಿ ಅರ್ಧ ಅಡಿಗೊಂದರಂತೆ ನೆಟ್ಟೆ, ಗೊಬ್ಬರ ಹಾಕ್ಲೇ ಇಲ್ಲ. ಹೂವು ಮುಗಿದ ಮೇಲೆ ಕತ್ತರೀಲಿ ಒಂದು ಸಲ ಸವರಿದ್ರೆ ಸಾಕು. ಸಂದು ಪೂರ್ತಿ ಮುಚ್ಚಕ್ಕೆ ಎರಡು ವರ್ಷ ಹಿಡೀತು, ಅಲ್ಲೀವರೆಗೂ ಕಳೆ ನಾವೇ ಕೀಳ್ಬೇಕು, ಅದರಿಂದ ತಪ್ಪಿಸ್ಕೊಳ್ಳಕ್ಕಾಗಲ್ಲ.

ಅಮ್ಮ ಬಂದಾಗ ಹೂವಿನ ಮೇಲೆ ಕಾಲಿಡಕ್ಕೆ ಒಪ್ಲೇ ಇಲ್ಲ, ಕಲ್ಲಿಂದ ಕಲ್ಲಿಗೆ ಹುಷಾರಾಗಿ ದಾಟೋಳು. ಒಂದಿನ ಒಂದು ಎಲೆ ಹಿಸುಕಿ ಮೂಸಿ ನೋಡಿ "ಇದು ಓಮದ ವಾಸನೆ ಕಣೋ" ಅಂದ್ಲು. ನಿಜ, ಥೈಮಾಲ್ ಅನ್ನೋ ಅಂಶ ಎರಡರಲ್ಲೂ ಇದೆ. ತುಳಿದಾಗ ಆ ವಾಸನೆ ಮೇಲೇಳುತ್ತಲ್ಲ, ನನಗೆ ಈ ಗಿಡ ಇಷ್ಟ ಆಗಿರೋದೇ ಅದಕ್ಕೆ.

ಊರಿನ ರೀತಿ ತಪ್ಪು ಅಂತ ನಾನು ಹೇಳಲ್ಲ. ಹಾವಿನ ಭಯ ಇರೋ ಕಡೆ ಕಾಲಿಡೋ ಜಾಗ ಬೋಳಾಗಿ ಕಾಣ್ತಿರಬೇಕು, ರಂಗೋಲಿ ಇಡೋ ಅಂಗಳ ಸಾರಿಸಿರಬೇಕು, ಅದಕ್ಕೆಲ್ಲ ಕಾರಣ ಇದೆ. ನನಗೆ ಬೇಜಾರಾಗೋದು ಬೆಂಗಳೂರಲ್ಲಿ ನಮ್ಮ ನೆಂಟರ ಮನೆಗಳನ್ನ ನೋಡಿದಾಗ. ಗೇಟಿಂದ ಬಾಗಿಲವರೆಗೂ ಟೈಲ್ಸು, ಒಂದು ಗೇಣು ಮಣ್ಣಿಲ್ಲ, ಬಿದ್ದ ಮಳೆ ಅಷ್ಟೂ ಸೀದಾ ರಸ್ತೆಗೆ. ಅಲ್ಲಿ ಊರಿನಷ್ಟು ಹಾವಿನ ಭಯಾನೂ ಇಲ್ಲ, ಸಾರಿಸೋ ಅಂಗಳಾನೂ ಇಲ್ಲ, ನಾಲ್ಕು ಕಲ್ಲು ಬಿಡಿಬಿಡಿಯಾಗಿ ಹಾಕಿ ಸಂದೀಲಿ ಏನಾದ್ರೂ ಬೆಳೆಸಬಹುದಲ್ವಾ? ಅದಕ್ಕೆ ಥೈಮೇ ಬೇಕಂತಿಲ್ಲ, ಬಿಸಿಲಿದ್ರೆ ನೆಲಹಿಪ್ಪಲಿ, ನೆರಳು ತೇವ ಇದ್ರೆ ಒಂದೆಲಗ, ಎರಡೂ ನಮ್ಮ ನೆಲದಲ್ಲಿ ತಾವಾಗೇ ಹಬ್ಬೋವು. ಹಳದಿ ಹೂವಿನ ವೆಡೇಲಿಯಾ ಮಾತ್ರ ದಯವಿಟ್ಟು ಹಾಕ್ಬೇಡಿ, ಅಮೆರಿಕಾ ಖಂಡದಿಂದ ಬಂದಿದ್ದು, ಒಂದು ಸಲ ಹಬ್ಬಿದ್ರೆ ಪಕ್ಕದಲ್ಲಿ ಬೇರೇದನ್ನ ಬದುಕೋಕೆ ಬಿಡಲ್ಲ.

ಬಚ್ಚಲು ದಾರೀಲಿ ಒಂದು ನಾಲ್ಕು ಸಂದು ಕೀಳದೆ ಬಿಡು ಅಂತ ಹೋದ ವಾರ ಫೋನಲ್ಲಿ ಅಮ್ಮನ್ನ ಕೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, ಒಂದೆಲಗ ಆದ್ರೆ ಬಿಡ್ತೀನಿ, ತಂಬುಳಿಗಾಗುತ್ತೆ, ನಾಚಿಕೆಮುಳ್ಳು ಮಾತ್ರ ಕಿತ್ತೇ ಕೀಳ್ತೀನಿ ಅಂದ್ಲು.