ಪಿನ್ನಿನ ಯುದ್ಧ, ಸತ್ತು ಬದುಕಿದ ಸರ್ವಾಧಿಕಾರಿ

ಹಳೆಯ ಪತ್ರಿಕೆಗಳನ್ನು ರದ್ದಿಗೆ ಹಾಕುವ ಮೊದಲು ಅವುಗಳ ಬೆನ್ನು ಒಮ್ಮೆ ನೋಡಿ. ಎರಡು ಪಿನ್ನು. ತುಕ್ಕು ಹಿಡಿದು, ಸುತ್ತಲಿನ ಕಾಗದಕ್ಕೆ ಕಾಫಿ ಕಲೆಯ ಹಾಗೆ ಕಂದು ಬಣ್ಣ ಹತ್ತಿಸಿರುತ್ತವೆ. ನಡುವಿನ ಪುಟ ಬಿಡಿಸಿಕೊಳ್ಳೋಣ ಅಂತ ಉಗುರು ಹಾಕಿದರೆ ಸರಿಯಾಗಿ ಉಗುರಿನ ಸಂದಿಗೇ ಚುಚ್ಚುತ್ತವೆ. ಸಿಟ್ಟು ಬರುವುದು ಸಹಜ. ನಾವು ನೀವಾದರೆ 'ಥತ್' ಅಂದು, ಬೆರಳು ಚೀಪಿಕೊಂಡು ಸುಮ್ಮನಾಗುತ್ತೇವೆ. ಅಮೆರಿಕದ ಇಲಿನಾಯ್ ರಾಜ್ಯದ ಬಾಬ್ ಟಕರ್ ಎಂಬ ಹುಡುಗ ಸುಮ್ಮನಾಗಲಿಲ್ಲ. ಸಂಘ ಕಟ್ಟಿದ.

ಸಂಘದ ಹೆಸರನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ವೈಜ್ಞಾನಿಕ ಕಥಾ ಪತ್ರಿಕೆಗಳಲ್ಲಿ ತಂತಿ ಪಿನ್ನುಗಳ ತಡೆ ಸಂಘ. ಇಂಗ್ಲಿಷಿನಲ್ಲಿ ಚಿಕ್ಕದಾಗಿ ಎಸ್‌ಪಿಡಬ್ಲ್ಯುಎಸ್‌ಎಸ್‌ಟಿಎಫ್‌ಎಂ. ಚಿಕ್ಕದು ಅಂದೆನಲ್ಲ, ಒಮ್ಮೆ ಉಸಿರು ಬಿಡದೆ ಹೇಳಿ ನೋಡಿ. ಇದರ ಅಧ್ಯಕ್ಷ ಅವನೇ. ಅಧ್ಯಕ್ಷ ಅನ್ನೋದು ಸಣ್ಣದಾಯಿತು ಅಂತಲೋ ಏನೋ, ತನ್ನನ್ನು ತಾನು ಸರ್ವಾಧಿಕಾರಿ ಎಂದು ಕರೆದುಕೊಂಡ. ಇದು 1934-35ರ ಮಾತು. ಯುರೋಪಿನಲ್ಲಿ ನಿಜವಾದ ಸರ್ವಾಧಿಕಾರಿಗಳು ಬಹಳ ಜೋರಾಗಿದ್ದ ಕಾಲ. ಇಪ್ಪತ್ತರ ಈ ಹುಡುಗನ ಕೈಯಲ್ಲಿದ್ದದ್ದು ಮಾತ್ರ ಒಂದು ಪೆನ್ನು, ನಾಲ್ಕು ಅಂಚೆಚೀಟಿ.

ಇಂಥದ್ದು ಅಲ್ಲೇ ಯಾಕೆ ಹುಟ್ಟಿತು ಅಂತ ಕೇಳಿದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1926ರಲ್ಲಿ ಹ್ಯೂಗೊ ಗರ್ನ್ಸ್‌ಬ್ಯಾಕ್ ಎಂಬಾತ 'ಅಮೇಜಿಂಗ್ ಸ್ಟೋರೀಸ್' ಪತ್ರಿಕೆ ಶುರು ಮಾಡಿದ. ಬರೀ ವೈಜ್ಞಾನಿಕ ಕಥೆಗಳ ಪತ್ರಿಕೆ. ಅದರಲ್ಲಿ ಓದುಗರ ಪತ್ರಗಳನ್ನು ಪೂರ್ತಿ ವಿಳಾಸದ ಸಮೇತ ಹಾಕುತ್ತಿದ್ದರು. ಅಷ್ಟೇ ಸಾಕಾಯಿತು. ಮಂಗಳ ಗ್ರಹದ ಕಥೆ ಓದಿ ಮನೆಯವರಿಂದ ಬೈಸಿಕೊಳ್ಳುತ್ತಿದ್ದ ಹುಡುಗರಿಗೆಲ್ಲ ತಮ್ಮಂಥ ಇನ್ನೊಬ್ಬ ಇದ್ದಾನೆ ಅಂತ ಗೊತ್ತಾಯಿತು. ಪತ್ರಿಕೆಗೆ ಬರೆಯುವುದನ್ನು ಬಿಟ್ಟು ಒಬ್ಬರಿಗೊಬ್ಬರು ಬರೆಯತೊಡಗಿದರು. ಆಮೇಲೆ ಕೈಗೆ ಸಿಕ್ಕಿದ್ದು ಸೈಕ್ಲೋಸ್ಟೈಲ್.

ಸೈಕ್ಲೋಸ್ಟೈಲ್ ಕಂಡವರಿಗೆ ಅದರ ಕಥೆ ಗೊತ್ತು. ಟೈಪ್‌ರೈಟರಿನ ರಿಬ್ಬನ್ ಸರಿಸಿ, ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಕುಟ್ಟಬೇಕು. ತಪ್ಪಾದರೆ ಘಾಟು ವಾಸನೆಯ ದ್ರವ ಬಳಿದು, ಒಣಗುವವರೆಗೆ ಊದುತ್ತ ಕೂರಬೇಕು. ಹಿಡಿ ತಿರುಗಿಸಿದ ಹಾಗೆ ಹಾಳೆ ಬರುತ್ತದೆ, ಅಂಗಿಯ ತೋಳಿಗೆ ಮಸಿಯೂ ಬರುತ್ತದೆ. ಕೊನೆಗೆ ಹಾಳೆಗಳನ್ನು ಜೋಡಿಸಿ ಪಕ್ಕಕ್ಕೆ ಎರಡು ಪಿನ್ ಹೊಡೆದರೆ ಅಭಿಮಾನಿಗಳ ಸ್ವಂತ ಪತ್ರಿಕೆ ರೆಡಿ. ಹೌದು, ಪಿನ್. ಅದಿಲ್ಲದಿದ್ದರೆ ಆ ಲೋಕವೆಲ್ಲ ಗಾಳಿಗೆ ಹಾರುವ ಬಿಡಿ ಹಾಳೆ. ಇದಕ್ಕೆ ಫ್ಯಾನ್‌ಜೀನ್ ಎಂಬ ಹೆಸರು ಬಂದದ್ದು 1940ರಲ್ಲಿ. ಹೆಸರಿಗಿಂತ ಹತ್ತು ವರ್ಷ ಮೊದಲೇ ಜಗಳ ಶುರುವಾಗಿತ್ತು.

ಆ ಕಾಲದ ರೋಗ ಅಂದರೆ ಸಂಘ. ಮೂರು ಜನ ಒಂದು ಕೋಣೆಯಲ್ಲಿ ಸೇರಿದರೆ ಎರಡು ಸಂಘ, ಒಂದು ಭಿನ್ನಮತೀಯ ಬಣ. ಕಾರ್ಯದರ್ಶಿ, ಖಜಾಂಚಿ, ಬೈಲಾ, ಮುಖವಾಣಿ ಪತ್ರಿಕೆ, ಎಲ್ಲ ಇರಬೇಕು. 1934ರಲ್ಲಿ ಗರ್ನ್ಸ್‌ಬ್ಯಾಕ್ ತಾನೇ ಒಂದು ಸೈನ್ಸ್ ಫಿಕ್ಷನ್ ಲೀಗ್ ತೆಗೆದ. ಸದಸ್ಯರಿಗೆ ಕೋಟಿಗೆ ಹಾಕಿಕೊಳ್ಳುವ ಬ್ಯಾಡ್ಜು, ಗೋಡೆಗೆ ತೂಗುಹಾಕುವ ಸರ್ಟಿಫಿಕೇಟು. ಡೊನಾಲ್ಡ್ ವೊಲ್‌ಹೈಮ್ ಎಂಬ ನ್ಯೂಯಾರ್ಕಿನ ಹುಡುಗ ಮಾತ್ರ, ಬ್ಯಾಡ್ಜು ಇರಲಿ ಸ್ವಾಮಿ, ನಿಮ್ಮ ಪತ್ರಿಕೆಯಲ್ಲಿ ಬಂದ ನನ್ನ ಕಥೆಯ ದುಡ್ಡು ಎಲ್ಲಿ ಅಂತ ಕೇಳಿದ. ಕೇಳಿ ಸುಮ್ಮನಾಗದೆ ಬೇರೆ ಬರಹಗಾರರನ್ನೂ ಸೇರಿಸಿಕೊಂಡ. 1935ರಲ್ಲಿ ಅವನನ್ನು ಲೀಗಿನಿಂದಲೇ ಹೊರಹಾಕಿದರು. ವಿಜ್ಞಾನದ ಭವಿಷ್ಯ ಕಟ್ಟುವ ಸಂಘದಲ್ಲಿ ಸಂಭಾವನೆ ಕೇಳುವುದು ಅಶಿಸ್ತು, ಅಲ್ವಾ.

ಇದನ್ನೆಲ್ಲ ನೋಡುತ್ತಿದ್ದ ಟಕರ್ ಪಿನ್ನಿನ ಸಂಘ ಕಟ್ಟಿದ. ಗಮನಿಸಿ, ಅವನಿಗೆ ಪಿನ್ನಿನ ಮೇಲೆ ಅಂಥ ದ್ವೇಷವೇನೂ ಇರಲಿಲ್ಲ. ಬೇರೆಯವರ ಸಂಘಗಳಿಗೆ ಒಂದು ಕನ್ನಡಿ ಹಿಡಿದ, ಅಷ್ಟೇ. ಅವನ ಪತ್ರಗಳು ಅಚ್ಚಾಗುತ್ತಿದ್ದದ್ದು 'ಅಸ್ಟೌಂಡಿಂಗ್ ಸ್ಟೋರೀಸ್' ಪತ್ರಿಕೆಯ ಓದುಗರ ಅಂಕಣದಲ್ಲಿ. ಆ ಅಂಕಣದ ಹೆಸರು 'ಬ್ರಾಸ್ ಟ್ಯಾಕ್ಸ್', ಅಂದರೆ ಹಿತ್ತಾಳೆ ಮೊಳೆ. ಪಿನ್ನಿನ ವಿರುದ್ಧ ಚಳವಳಿ ನಡೆದದ್ದು ಮೊಳೆಯ ಮೇಲೆ ಕೂತು. ಇದನ್ನು ನಾನು ಕಟ್ಟಿ ಹೇಳಿದ್ದರೆ ನೀವು ನಂಬುತ್ತಿರಲಿಲ್ಲ.

ವೊಲ್‌ಹೈಮ್ ಎದುರಾಳಿಯಾಗಿ ಬಂದ. ಅವನ ಸಂಘದ ಹೆಸರು ಓದುವ ಮೊದಲು ನೀರು ಕುಡಿದುಕೊಳ್ಳಿ: ಅಮೆರಿಕ ಸಂಯುಕ್ತ ಸಂಸ್ಥಾನದ ವೈಜ್ಞಾನಿಕ ಕಥಾ ಪ್ರಕಟಣೆಗಳಲ್ಲಿ ಲೋಹದ ಪಿನ್ನುಗಳ ಬಳಕೆಯನ್ನು ಎತ್ತಿಹಿಡಿಯುವ ಮತ್ತು ಉಳಿಸಿಕೊಳ್ಳುವ ಉದ್ದೇಶದ ಅಂತಾರಾಷ್ಟ್ರೀಯ ಹಾಗೂ ಮಿತ್ರ ಸಂಸ್ಥೆಗಳು, ಅನ್‌ಲಿಮಿಟೆಡ್. ಅವನ ಪದವಿ 'ಗ್ರ್ಯಾಂಡ್ ಹೈ ಕೋಕಲೋರಮ್'. ಅದರ ಅರ್ಥ ಹುಡುಕಲು ಹೋಗಬೇಡಿ, ಮುತ್ತು ಕೂರಿಸಿದ ಕಿರೀಟದ ಹಾಗೆ ಸುಮ್ನೆ ತಲೆ ಮೇಲೆ ಇಟ್ಟುಕೊಳ್ಳೋದು. ಟಕರನ ಸಂಘಕ್ಕೆ 'ಡಿ'ಜರ್ನಲ್' ಎಂಬ ಮುಖವಾಣಿ. ವೊಲ್‌ಹೈಮನ ಸಂಘದ ಮುಖವಾಣಿಗೆ ರಕ್ತದಲ್ಲಿರುವ ಒಂದು ಬಗೆಯ ಬಿಳಿ ಕಣದ ಹೆಸರು: 'ಪಾಲಿಮಾರ್ಫಾನ್ಯೂಕ್ಲಿಯೇಟೆಡ್ ಲ್ಯೂಕೊಸೈಟ್'. ಪಿನ್ನಿಗೂ ಅದಕ್ಕೂ ಏನು ಸಂಬಂಧ? ಚುಚ್ಚಿಸಿಕೊಂಡವರಿಗೆ ಗೊತ್ತು. ಎರಡೂ ಕಡೆ ಸದಸ್ಯರು ಸೇರಿದರು, ಪತ್ರ ಹೋಯಿತು, ಪ್ರತಿಪತ್ರ ಬಂತು. ಇದು ತಮಾಷೆ ಅಂತ ಇಬ್ಬರು ಸೇನಾಪತಿಗಳಿಗೂ ಚೆನ್ನಾಗಿ ಗೊತ್ತಿತ್ತು. ತಲೆನೋವು ಬಂದದ್ದು ಪಕ್ಕದಲ್ಲಿ ನಿಂತು ನೋಡುತ್ತಿದ್ದವರಿಗೆ. ನಿಜವಾದ ಸಂಘಕ್ಕೂ ಈ ಗೇಲಿಯ ಸಂಘಕ್ಕೂ ಮೇಲ್ನೋಟಕ್ಕೆ ಏನೂ ವ್ಯತ್ಯಾಸವಿರಲಿಲ್ಲ. ಒಳಗೆ ಹೋಗಿ ನೋಡಿದರೂ ಅಷ್ಟೇ.

ಆಗ ಟಕರ್ ಸತ್ತ.

ಅಂದರೆ, ಸತ್ತ ಎಂಬ ಪತ್ರ 'ಅಸ್ಟೌಂಡಿಂಗ್' ಪತ್ರಿಕೆಗೆ ಬಂತು. 1936ರಲ್ಲಿ. ಸಂಪಾದಕ ಎಫ್. ಓರ್ಲಿನ್ ಟ್ರೆಮೇನ್ ಅದನ್ನು ಅಚ್ಚು ಹಾಕಿದ. ಬೇರೆ ಲೋಕಗಳ ಕಥೆ ಬಂದರೆ ಇದು ವಿಜ್ಞಾನಕ್ಕೆ ಸರಿಹೊಂದುತ್ತದಾ ಅಂತ ನೋಡುವ ಪತ್ರಿಕೆ, ಒಬ್ಬ ಓದುಗ ಸತ್ತ ಅಂದಾಗ ಇಲಿನಾಯ್‌ಗೆ ಒಂದು ಕಾರ್ಡು ಹಾಕಿ ವಿಚಾರಿಸಲಿಲ್ಲ. ನಗಬೇಡಿ. ಆರಾಮಾಗಿ ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಿರುವ ನಟರ ಫೋಟೋಗೆ ಹೂವಿನ ಹಾರ ಹಾಕಿ, 'ಓಂ ಶಾಂತಿ' ಅಂತ ನಲವತ್ತು ಗ್ರೂಪುಗಳಿಗೆ ತಳ್ಳುವವರು ನಾವು. ಅಂದು ಒಬ್ಬ ಸಂಪಾದಕ ಎಡವಿದ, ಇಂದು ಎಲ್ಲರ ಕೈಯಲ್ಲೂ ಅಚ್ಚುಮನೆ ಇದೆ.

ಸತ್ತವನು ಬದುಕಿದ್ದಾನೆ ಅಂತ ತಿಳಿದಾಗ ಸಂಪಾದಕನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಕೋಪ ಬಂತು. ಪಿನ್ನಿನ ಯುದ್ಧ ಅಲ್ಲಿಗೆ ಮುಗಿಯಿತು. ಆ ಪತ್ರ ತನ್ನದಲ್ಲ ಎಂದೇ ಟಕರ್ ಹೇಳಿದ. ಆದರೆ ಹಾಸ್ಯಗಾರನ ಕಷ್ಟ ಇದೇ ನೋಡಿ: ನಿಜ ಹೇಳಿದ ದಿನವೇ ಜನ ಕಣ್ಣು ಮಿಟುಕಿಸುತ್ತಾರೆ. ಮುಂದೆ 1949ರಲ್ಲಿ ಅವನನ್ನು ಇನ್ನೊಮ್ಮೆ ಸಾಯಿಸಿದರು. ಆಗಲೂ ಬದುಕಿದ್ದ.

ಗೇಲಿ ಮಾಡಿದವನನ್ನು ಸುಮ್ಮನಾಗಿಸಿದ ಮೇಲೆ ಗಂಭೀರ ಜನ ಏನು ಮಾಡಿದರು ಅಂತ ಕೇಳಬೇಕಲ್ಲ. 1939ರ ಜುಲೈ 2ರಂದು ನ್ಯೂಯಾರ್ಕಿನಲ್ಲಿ ಮೊದಲ ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನ ನಡೆಸಿದರು. 'ವಿಶ್ವ' ಅಂದಾಗ ಕಣ್ಣು ಅರಳಿಸಬೇಡಿ. ಅದೇ ಊರಿನಲ್ಲಿ ಆಗ ವಿಶ್ವ ವಸ್ತುಪ್ರದರ್ಶನ ನಡೆಯುತ್ತಿತ್ತು, ಆ ಹೆಸರನ್ನು ಇವರೂ ಎರವಲು ಪಡೆದರು. ಸೇರಿದ್ದು ಸುಮಾರು 200 ಜನ. ಅಷ್ಟು ಜನರಲ್ಲೂ ಆರು ಮಂದಿ ಬೇಡವಾದರು. ಗಲಾಟೆ ಮಾಡುತ್ತಾರೆ ಅಂತ ಬಾಗಿಲಲ್ಲೇ ತಡೆದರು. ತಡೆಸಿಕೊಂಡವರಲ್ಲಿ ನಮ್ಮ ಗ್ರ್ಯಾಂಡ್ ಹೈ ಕೋಕಲೋರಮ್ ವೊಲ್‌ಹೈಮ್ ಇದ್ದ, ಫ್ರೆಡರಿಕ್ ಪೋಲ್ ಇದ್ದ, ಸಿರಿಲ್ ಕಾರ್ನ್‌ಬ್ಲತ್ ಇದ್ದ. ಸಂಘಟಕರ ಅನುಮಾನಕ್ಕೆ ತುಪ್ಪ ಸುರಿದದ್ದು ಒಂದು ಕರಪತ್ರ. ಅದನ್ನು ಬರೆದದ್ದು ಡೇವಿಡ್ ಕೈಲ್ ಎಂಬ ಇನ್ನೊಬ್ಬ. ಆತನನ್ನು ಯಾರೂ ತಡೆಯಲಿಲ್ಲ. ಒಳಗೆ ಹೋಗಿ ಕೂತಿದ್ದ.

ಹೊರಗೆ ನಿಂತವರ ಪೈಕಿ ವೊಲ್‌ಹೈಮ್ ಮುಂದೆ ಡಿಎಡಬ್ಲ್ಯು ಎಂಬ ಪ್ರಕಾಶನ ಕಟ್ಟಿದ. ಪೋಲ್ ದೊಡ್ಡ ಬರಹಗಾರನಾದ, 'ಗ್ಯಾಲಕ್ಸಿ' ಪತ್ರಿಕೆಯ ಸಂಪಾದಕನೂ ಆದ. ತಡೆದವರಲ್ಲಿ ಒಬ್ಬನಾದ ಸ್ಯಾಮ್ ಮಾಸ್ಕೊವಿಟ್ಜ್ ಈ ಎಲ್ಲ ಜಗಳಗಳ ಇತಿಹಾಸವನ್ನೇ ಪುಸ್ತಕ ಮಾಡಿದ. ಹೆಸರು 'ದಿ ಇಮ್ಮಾರ್ಟಲ್ ಸ್ಟಾರ್ಮ್', ಅಮರ ಬಿರುಗಾಳಿ. ಬಾಗಿಲ ಮುಂದಿನ ಆ ನೂಕಾಟವಾದ ಎರಡೇ ತಿಂಗಳಿಗೆ ಎರಡನೇ ಮಹಾಯುದ್ಧ ಶುರುವಾಯಿತು ಅನ್ನೋದನ್ನು ಬೇಕಾದರೆ ಪಕ್ಕದಲ್ಲಿಟ್ಟು ಓದಬಹುದು. ನನಗಂತೂ ಸರ್ವಾಧಿಕಾರಿ ಟಕರನ ಯುದ್ಧವೇ ಹೆಚ್ಚು ಸಭ್ಯವಾಗಿ ಕಾಣುತ್ತದೆ. ಅದರಲ್ಲಿ ಯಾರನ್ನೂ ಬಾಗಿಲಲ್ಲಿ ನಿಲ್ಲಿಸಲಿಲ್ಲ.

ಟಕರ್ ಟಾಕೀಸಿನಲ್ಲಿ ಆಪರೇಟರ್ ಆಗಿ ರೀಲು ಓಡಿಸುತ್ತಲೇ 'ಲ ಜಾಂಬಿ' ಎಂಬ ಫ್ಯಾನ್‌ಜೀನ್ ತಂದ. ಹೋಯ್ ಪಿಂಗ್ ಪಾಂಗ್ ಎಂಬ ಹೆಸರಿನಲ್ಲೂ ಬರೆದ. ಚೀನೀಯರನ್ನು ಅಣಕಿಸುವ ಆ ಹೆಸರಿಗೆ ಇವತ್ತಾಗಿದ್ದರೆ ಚೆನ್ನಾಗಿ ಉಗಿಸಿಕೊಳ್ಳುತ್ತಿದ್ದ, ಉಗಿಯಲೂಬೇಕು. 1941ರಲ್ಲಿ, ಅದೇ ರಾಕೆಟ್ಟು ಅದೇ ಹೊಡೆದಾಟದ ಹಳಸಲು ಕಥೆಗಳನ್ನು ಬೈಯಲು 'ಸ್ಪೇಸ್ ಆಪೆರಾ' ಎಂಬ ಪದ ಹುಟ್ಟಿಸಿದ. ಈಗ ಪ್ರಕಾಶಕರು ಅದನ್ನೇ ಪುಸ್ತಕದ ಬೆನ್ನಿಗೆ ಹೆಮ್ಮೆಯಿಂದ ಅಚ್ಚು ಹಾಕುತ್ತಾರೆ. ಗೆಳೆಯರ ಹೆಸರನ್ನು ತನ್ನ ಕಾದಂಬರಿಯ ಪಾತ್ರಗಳಿಗೆ ಇಟ್ಟು ಕಾಲೆಳೆಯುತ್ತಿದ್ದ. ಅದಕ್ಕೆ ಟಕರಿಸಂ ಎಂಬ ಹೆಸರೇ ಬಂತು. ಆತ ಬಿಟ್ಟಿ ಮಾಡುತ್ತಿದ್ದ ಆ ಕುಚೇಷ್ಟೆಯನ್ನು ಈಗ ಸಮ್ಮೇಳನಗಳಲ್ಲಿ ಹರಾಜು ಹಾಕುತ್ತಾರೆ. ದುಡ್ಡು ಕೊಟ್ಟರೆ ಮುಂದಿನ ಕಾದಂಬರಿಯಲ್ಲಿ ನಿಮ್ಮ ಹೆಸರಿನವನೊಬ್ಬ ಬರುತ್ತಾನೆ. ಮೂರನೇ ಪುಟದಲ್ಲೇ ಸತ್ತರೂ ದುಡ್ಡು ವಾಪಸ್ ಇಲ್ಲ. 1970ರಲ್ಲಿ ಅತ್ಯುತ್ತಮ ಅಭಿಮಾನಿ ಬರಹಗಾರ ಅಂತ ಟಕರನಿಗೆ ಹ್ಯೂಗೊ ಪ್ರಶಸ್ತಿ ಬಂತು. ಹ್ಯೂಗೊ ಅಂದರೆ ಅದೇ ಗರ್ನ್ಸ್‌ಬ್ಯಾಕ್, ಬ್ಯಾಡ್ಜು ಹಂಚಿದವನು.

2006ರ ಅಕ್ಟೋಬರ್‌ನಲ್ಲಿ, 91ನೇ ವಯಸ್ಸಿನಲ್ಲಿ ಟಕರ್ ತೀರಿಕೊಂಡ. ಈ ಸಲ ಸುದ್ದಿ ನಿಜವಾಗಿತ್ತು.

ಆ ಕಾಲದ ಪತ್ರಿಕೆಗಳು ಈಗ ಹಳೆಯ ಪುಸ್ತಕ ಮಾರುವವರ ಹತ್ತಿರ ಸಿಗುತ್ತವೆ. ಕೊಳ್ಳುವವರು ಮೊದಲು ಮುಖಪುಟ ನೋಡುತ್ತಾರೆ, ಆಮೇಲೆ ಕಾಗದ ಎಷ್ಟು ಹಳದಿಯಾಗಿದೆ ಅಂತ ನೋಡುತ್ತಾರೆ. ಆಮೇಲೆ ಮೆಲ್ಲಗೆ ಬೆನ್ನು ತಿರುಗಿಸಿ, ಪಿನ್ನಿಗೆ ತುಕ್ಕು ಹಿಡಿದಿದೆ, ಸ್ವಲ್ಪ ಕಡಿಮೆ ಮಾಡಿಕೊಳ್ಳಿ ಅಂತ ಚೌಕಾಸಿಗೆ ಇಳಿಯುತ್ತಾರೆ.